ಕೆರಳುವ ಕರುಳು ಮತ್ತು ಮನಸ್ಸು

ಪರೀಕ್ಷೆಯ ದಿನ ಬೆಳಿಗ್ಗೆ ಮೂರು ಸಲ ಪಾಯಿಖಾನೆಗೆ ಓಡುವ ಹುಡುಗರನ್ನು ಎಲ್ಲರೂ ನೋಡಿರುತ್ತೇವೆ. ಪರೀಕ್ಷೆ ಮುಗಿದೊಡನೆ ಅವರ ಹೊಟ್ಟೆಯೂ ಸರಿಹೋಗುತ್ತದೆ. ಕೆಲವರಿಗೆ ಮಾತ್ರ ವರ್ಷಗಟ್ಟಲೆ ಸರಿಹೋಗುವುದಿಲ್ಲ. ಹೊಟ್ಟೆನೋವು, ಉಬ್ಬರ, ಒಮ್ಮೆ ಭೇದಿ, ಇನ್ನೊಮ್ಮೆ ಮಲಬದ್ಧತೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಯಾವುದರಲ್ಲೂ ದೋಷ ಕಾಣದು. ‘ನಿಮಗೇನೂ ಆಗಿಲ್ಲ, ಎಲ್ಲ ಮನಸ್ಸಿನದು’ ಎಂದು ವೈದ್ಯರು ಹೇಳಿದರೆ ಮನೆಯವರೂ ಅದನ್ನೇ ಹಿಡಿಯುತ್ತಾರೆ. ಇರಿಟಬಲ್ ಬೊವೆಲ್ ಸಿಂಡ್ರೋಮ್, ಅಂದರೆ ಐ.ಬಿ.ಎಸ್. ಇರುವವರ ಪಾಡು ಇದು.

ಮನಸ್ಸಿಗೂ ಜೀರ್ಣಾಂಗಕ್ಕೂ ಇರುವ ನಂಟನ್ನು ಕಣ್ಣಾರೆ ಕಂಡವನು ಅಮೆರಿಕದ ಸೈನ್ಯದ ವೈದ್ಯ ವಿಲಿಯಂ ಬ್ಯೂಮಾಂಟ್. 1822ರಲ್ಲಿ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೂಲಿಯಾಳಿಗೆ ಗುಂಡು ತಗಲಿತು. ಆತ ಬದುಕಿದ, ಜಠರಕ್ಕೆ ಬಿದ್ದ ತೂತು ಮಾತ್ರ ಮುಚ್ಚಲಿಲ್ಲ. ಆ ಕಿಂಡಿಯಿಂದ ಇಣುಕಿದ ಬ್ಯೂಮಾಂಟ್, ಸಿಟ್ಟು ಬಂದಾಗ ಜೀರ್ಣಕ್ರಿಯೆ ಕೆಡುವುದನ್ನು ಗುರುತಿಸಿ 1833ರ ತನ್ನ ಗ್ರಂಥದಲ್ಲಿ ಬರೆದ.

ಕರುಳಿನ ಸರದಿ ಬಂದದ್ದು ನೂರು ವರ್ಷಗಳ ಮೇಲೆ. 1940ರ ದಶಕದಲ್ಲಿ ನ್ಯೂಯಾರ್ಕಿನ ಥಾಮಸ್ ಆಲ್ಮಿ ಆರೋಗ್ಯವಂತ ವಿದ್ಯಾರ್ಥಿಗಳ ದೊಡ್ಡ ಕರುಳಿನೊಳಗೆ ನಳಿಕೆ ಇಳಿಸಿ ನೋಡುತ್ತಿದ್ದರು. ಅವರ ಕೈಯನ್ನು ಮಂಜುನೀರಿನಲ್ಲಿ ಅದ್ದಿಸಿದರೆ ಕರುಳು ಬಿಗಿಯುತ್ತಿತ್ತು. ಒಮ್ಮೆ, ನಳಿಕೆ ಒಳಗಿರುವಾಗಲೇ, ಒಬ್ಬ ವಿದ್ಯಾರ್ಥಿಗೆ ಕ್ಯಾನ್ಸರ್ ಇದೆಯೆಂದು ನಂಬಿಸಲಾಯಿತು. ಕರುಳು ಸೆಟೆದುಕೊಂಡಿತು. ಅದು ಸುಳ್ಳೆಂದು ತಿಳಿಸಿದ ಮೇಲೆ ಸಡಿಲವಾಯಿತು. ಇಂದು ಯಾವ ನೈತಿಕ ಸಮಿತಿಯೂ ಒಪ್ಪದ ಕ್ರೌರ್ಯವಿದು. ಆದರೂ ಅದು ತೋರಿಸಿಕೊಟ್ಟದ್ದನ್ನು ಅಲ್ಲಗಳೆಯಲಾಗದು: ಭಯ ಮನಸ್ಸಿನದಾದರೂ ಸೆಳೆತ ನಿಜವಾದ ಮಾಂಸಖಂಡದ್ದು.

ಹಾಗೆಂದು ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವುದೂ ಸಲ್ಲದು. ಜಠರದ ಹುಣ್ಣಿಗೆ ಚಿಂತೆಯೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. 1982ರಲ್ಲಿ ಆಸ್ಟ್ರೇಲಿಯದ ವಾರೆನ್ ಮತ್ತು ಮಾರ್ಷಲ್ ಅದರ ಹಿಂದಿದ್ದ ಬ್ಯಾಕ್ಟೀರಿಯವನ್ನು ಹಿಡಿದು ತೋರಿಸಿದರು. ಐ.ಬಿ.ಎಸ್.ನಲ್ಲಿ ಅಂಥ ಒಂಟಿ ಅಪರಾಧಿ ಸಿಕ್ಕಿಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಸೋಂಕಿನಿಂದ ಭೇದಿಯಾಗಿದ್ದ 75 ಜನರನ್ನು ಗಮನಿಸಿ 1996ರಲ್ಲಿ ಪ್ರಕಟಿಸಿದ ವರದಿ ಇಲ್ಲಿ ಬಹಳ ಮುಖ್ಯ. ಸೋಂಕು ಎಲ್ಲರಿಗೂ ತಗಲಿತ್ತು. ತಿಂಗಳುಗಳಾದರೂ ಕರುಳು ಸರಿಹೋಗದೆ ಉಳಿದವರಲ್ಲಿ ಆತಂಕ, ಖಿನ್ನತೆ ಕಾಯಿಲೆಯ ಹೊತ್ತಿಗೇ ಹೆಚ್ಚಾಗಿದ್ದವು. ಕಿಡಿ ದೇಹದ್ದು, ಗಾಳಿ ಮನಸ್ಸಿನದು.

ಗಾಳಿ ಎರಡೂ ಕಡೆಯಿಂದ ಬೀಸುತ್ತದೆ. ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಮಿಕ್ಕಿದ ನರಕೋಶಗಳಿವೆ. ಅವು ಮಿದುಳಿಗೆ ಸುದ್ದಿ ಕಳಿಸುತ್ತಲೇ ಇರುತ್ತವೆ. ಸದಾ ನೋಯುವ ಹೊಟ್ಟೆ ಯಾರನ್ನು ತಾನೇ ಆತಂಕಕ್ಕೆ ನೂಕದು? 2016ರಲ್ಲಿ ತಜ್ಞರು ಪರಿಷ್ಕರಿಸಿದ ‘ರೋಮ್’ ಮಾನದಂಡಗಳು ಈ ಗುಂಪಿನ ಬೇನೆಗಳನ್ನು ಕರುಳು-ಮಿದುಳಿನ ಹೊಂದಾಣಿಕೆಯ ದೋಷಗಳೆಂದೇ ಕರೆದಿವೆ.

ಚಿಕಿತ್ಸೆಯೂ ಇದೇ ಜಾಡು ಹಿಡಿದಿದೆ. 1984ರಲ್ಲಿ ಮ್ಯಾಂಚೆಸ್ಟರಿನ ಪೀಟರ್ ವೋರ್ವೆಲ್ ಮತ್ತು ಸಂಗಡಿಗರು ಯಾವ ಮದ್ದಿಗೂ ಬಗ್ಗದ 30 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಸಂಮೋಹನ ಚಿಕಿತ್ಸೆ ಕೊಟ್ಟರು. ಉಳಿದವರಿಗಿಂತ ಅವರು ಬಹಳ ಚೇತರಿಸಿಕೊಂಡರು. 2023ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಇನ್ನೊಂದು ಪ್ರಯೋಗದಲ್ಲಿ 463 ರೋಗಿಗಳಿದ್ದರು. ಖಿನ್ನತೆಗೆಂದು ಬಂದ ಹಳೆಯ ಮದ್ದು ಅಮಿಟ್ರಿಪ್ಟಿಲಿನ್ ಅತಿ ಕಡಿಮೆ ಪ್ರಮಾಣದಲ್ಲಿಯೂ ಐ.ಬಿ.ಎಸ್.ಗೆ ಗುಣ ತೋರಿತು. ಮಾತ್ರೆಯ ಹೆಸರು ಕೇಳಿದ ಅಂಗಡಿಯವನು ‘ಇದು ಡಿಪ್ರೆಶನ್‌ಗೆ ಕೊಡೋದಲ್ವಾ’ ಎಂದರೆ ರೋಗಿಗೆ ಅವಮಾನವೆನಿಸಬಹುದು. ಅದು ನೋವಿನ ಸುದ್ದಿ ಒಯ್ಯುವ ನರಗಳನ್ನು ತಣಿಸಲು ಎಂಬುದನ್ನು ಚೀಟಿ ಬರೆಯುವಾಗಲೇ ವೈದ್ಯರು ಎರಡು ಮಾತಿನಲ್ಲಿ ತಿಳಿಸಬಹುದಲ್ಲ!