ಸೊನ್ನಲಿಗೆಯ ಸಿದ್ಧರಾಮ, ಕಲ್ಯಾಣದ ಸಿದ್ಧರಾಮ

ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ನಡೆಯುವ ಸಿದ್ಧೇಶ್ವರ ಜಾತ್ರೆಯ ನಾಯಕ ಒಬ್ಬನೇ. ನಂದಿಧ್ವಜಗಳ ಮೆರವಣಿಗೆ, ಮದ್ದು ಸುಡುವ ರಾತ್ರಿ, ತೊರವಿಯ ಬಯಲಲ್ಲಿ ಸೇರುವ ದನಗಳ ಸಂತೆ, ಎಲ್ಲವೂ ಸೊನ್ನಲಿಗೆಯ ಸಿದ್ಧರಾಮನ ಹೆಸರಿನಲ್ಲಿ. ಆ ಮೆರವಣಿಗೆಯಲ್ಲಿ ಉಳಿದ ಶರಣರಿಗೆ, ಅಲ್ಲಮನಿಗೆ ಜಾಗವಿಲ್ಲ, ಚೆನ್ನಬಸವಣ್ಣನಿಗೂ ಇಲ್ಲ. ಇರಬೇಕೆಂದು ಯಾರಿಗೂ ಅನ್ನಿಸಿಲ್ಲ. ಆದರೆ 1930ರಲ್ಲಿ ಇದೇ ಊರಿನ ವಕೀಲ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಅಚ್ಚು ಹಾಕಿಸಿದ, ಶರಣರ ವಚನಗಳನ್ನು ಸಂಭಾಷಣೆಯಾಗಿ ಜೋಡಿಸಿದ ಶೂನ್ಯಸಂಪಾದನೆಯನ್ನು ತೆರೆದರೆ ಬೇರೊಬ್ಬ ಸಿದ್ಧರಾಮ ಸಿಗುತ್ತಾನೆ. ಅವನು ಸಿಟ್ಟಿಗೇಳುತ್ತಾನೆ, ವಾದಿಸುತ್ತಾನೆ, ಸೋಲುತ್ತಾನೆ, ಕಲ್ಯಾಣಕ್ಕೆ ಹೋಗಿ ತನಗಿಂತ ಕಿರಿಯನಾದ ಚೆನ್ನಬಸವಣ್ಣನಿಂದ ದೀಕ್ಷೆ ಪಡೆಯುತ್ತಾನೆ. ಒಬ್ಬನೇ ಮನುಷ್ಯ ಒಂದು ಕಡೆ ಒಂಟಿ ದೇವರು, ಇನ್ನೊಂದು ಕಡೆ ನೂರಾರು ಶರಣರ ನಡುವಿನ ಒಬ್ಬ ಶರಣ. ಪವಾಡಪುರುಷನ ಕಥೆ ಯಾವ ರೀತಿಯಲ್ಲಿ ಹೆಚ್ಚು ಬೆಳೆಯುತ್ತದೆ ಎಂದು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು.

ಇಂಥ ಪ್ರಶ್ನೆಯನ್ನು ಇಂದಿನ ಹುಡುಗರು ಸೂಪರ್‌ಹೀರೋಗಳ ಬಗ್ಗೆ ಕೇಳುತ್ತಾರೆ. 1938ರಲ್ಲಿ ಸೂಪರ್‌ಮ್ಯಾನ್ ಒಬ್ಬನೇ ಬಂದ. ಎರಡೇ ವರ್ಷಕ್ಕೆ, 1940ರ ಚಳಿಗಾಲದಲ್ಲಿ, ಅಮೆರಿಕದ ಕಾಮಿಕ್ಸ್ ಪ್ರಕಾಶಕರು ಬೇರೆ ಬೇರೆ ವೀರರನ್ನು ಒಂದೇ ಮೇಜಿನ ಸುತ್ತ ಕೂರಿಸಿ ಜಸ್ಟಿಸ್ ಸೊಸೈಟಿ ಕಟ್ಟಿದರು. 1963ರಲ್ಲಿ ಮಾರ್ವೆಲ್‌ನ ಅವೆಂಜರ್ಸ್ ಬಂದಿತು, 2012ರಲ್ಲಿ ಅದೇ ಗುಂಪು ಬೆಳ್ಳಿತೆರೆ ತುಂಬಿತು. ಒಂಟಿ ವೀರನ ಕಥೆಗೆ ಆದಿ ಅಂತ್ಯವಿರುತ್ತದೆ, ಗುಂಪಿನದು ಮುಂದಿನ ಸಿನಿಮಾದ ಜಾಹೀರಾತಾಗುತ್ತದೆ ಎಂಬುದು ಒಂದು ಪಕ್ಷ; ವೀರರು ಒಬ್ಬರಿಗೊಬ್ಬರು ಎದುರಾದಾಗಲೇ ಅವರ ನಿಜ ಬಣ್ಣ ಗೊತ್ತಾಗುವುದು ಎಂಬುದು ಇನ್ನೊಂದು. ಕನ್ನಡದಲ್ಲಿ ಈ ಎರಡೂ ಪಕ್ಷಗಳಿಗೆ ಶತಮಾನಗಳ ಸಾಕ್ಷ್ಯವಿದೆ. ಅದನ್ನು ಓದಿದ ಮೇಲೆ ನನ್ನ ಒಲವು ಕೂಡಿದ ಲೋಕದ ಕಡೆಗೆ. ಆದರೆ ಒಂದು ಷರತ್ತಿದೆ: ಆ ಲೋಕದಲ್ಲಿ ವೀರನಿಗೆ 'ನೀನು ತಪ್ಪಿದೆ' ಎನ್ನುವ ಅಧಿಕಾರ ಇನ್ನೊಬ್ಬರಿಗೆ ಇರಬೇಕು. ಬರೀ ಜೊತೆಗೆ ನಿಂತು ಖಡ್ಗ ಹಿಡಿದರೆ ಸಾಲದು.

ಒಂಟಿ ಕಥೆಯ ಬಲವನ್ನು ಮೊದಲು ಒಪ್ಪಿಕೊಳ್ಳಬೇಕು. ಶರಣರನ್ನು ಒಬ್ಬೊಬ್ಬರನ್ನಾಗಿ ಹಾಡುವ ಪದ್ಧತಿಗೆ ದಾರಿ ಹಾಕಿದವನು ಹಂಪೆಯ ಹರಿಹರ. ಬಸವರಾಜನೆಂದು ಬಸವಣ್ಣನಿಗೊಂದು ರಗಳೆ, ಪ್ರಭುದೇವನೆಂದು ಅಲ್ಲಮನಿಗೊಂದು, ಮಹಾದೇವಿಯಕ್ಕನಿಗೊಂದು, ತಮಿಳುನಾಡಿನ ಪುರಾತನರಿಗೆ ಬೇರೆ ಬೇರೆ ರಗಳೆಗಳು. ಅವನ ಶಿಷ್ಯ ರಾಘವಾಂಕ ಸಿದ್ಧರಾಮನಿಗೇ ಒಂದು ಕಾವ್ಯ ಬರೆದ. ಅಲ್ಲಿ ದನ ಕಾಯುವ ಹುಡುಗನ ಬಳಿಗೆ ಶ್ರೀಶೈಲದ ದೇವರು ಮಲ್ಲಯ್ಯ ಜಂಗಮನಾಗಿ ಬರುತ್ತಾನೆ, ಹಸಿವೆಂದು ತೆನೆ ಬೇಡುತ್ತಾನೆ, ಉಂಡ ಮೇಲೆ ಮಜ್ಜಿಗೆ ಬೇಕೆನ್ನುತ್ತಾನೆ. ಹುಡುಗ ಮನೆಗೆ ಓಡಿ ಮರಳುವಷ್ಟರಲ್ಲಿ ಅಲ್ಲಿ ಯಾರೂ ಇಲ್ಲ. ಅಲ್ಲಿಂದ ಶ್ರೀಶೈಲದವರೆಗೆ ಅವನು ಕೂಗುತ್ತ ಹೋಗುತ್ತಾನೆ, ಕೊನೆಗೆ ಕೊಳ್ಳಕ್ಕೆ ಬೀಳಲು ನಿಂತಾಗ ಮಲ್ಲಯ್ಯ ಕೈ ಹಿಡಿಯುತ್ತಾನೆ. ಈ ಪ್ರಸಂಗದ ತೀವ್ರತೆ ಬರುವುದೇ ಹುಡುಗ ಒಬ್ಬಂಟಿ ಎಂಬುದರಿಂದ. ಪಕ್ಕದಲ್ಲಿ ಇನ್ನಿಬ್ಬರು ಜ್ಞಾನಿಗಳು ನಿಂತು ವ್ಯಾಖ್ಯಾನ ಮಾಡಿದ್ದರೆ ಅದು ಕೆಡುತ್ತಿತ್ತು. ಶೂನ್ಯಸಂಪಾದನೆಯಲ್ಲಿ ಈ ಮಗುವಿಗೆ ಜಾಗವಿಲ್ಲ; ಅದು ನಿಜವಾದ ನಷ್ಟ, ಅದನ್ನು ಬೇರೆ ಯಾವ ಲಾಭದಿಂದಲೂ ತುಂಬಲಾಗದು.

ಆದರೆ ಶ್ರೀಶೈಲದಿಂದ ಮರಳಿದ ಮೇಲೆ ಒಂಟಿ ಸಿದ್ಧರಾಮನ ಕಥೆಯಲ್ಲಿ ಏನು ಉಳಿಯುತ್ತದೆ? ಕೆರೆ, ಗುಡಿ, ಲಿಂಗಸ್ಥಾಪನೆ, ಪವಾಡದ ಮೇಲೆ ಪವಾಡ. ದೊಡ್ಡವನಾದ ವೀರ ಇನ್ನಷ್ಟು ದೊಡ್ಡವನಾಗುತ್ತಾನೆ, ಬೇರೆಯವನಾಗುವುದಿಲ್ಲ. ಶೂನ್ಯಸಂಪಾದನಕಾರರು ಕೈ ಹಾಕಿದ್ದು ಸರಿಯಾಗಿ ಇಲ್ಲಿಗೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಮಾಡಿದ ಈ ಸಂಕಲನವನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಮತ್ತೆ ಮತ್ತೆ ತಿದ್ದಿ ಬೆಳೆಸಿದರು. ಅದರಲ್ಲಿ ಅಲ್ಲಮ ಸೊನ್ನಲಿಗೆಗೆ ಬಂದು, ಕೆಲಸದಾಳುಗಳ ಮುಂದೆಯೇ, ಸಿದ್ಧರಾಮನನ್ನು ಒಡ್ಡನೆಂದು ಜರಿಯುತ್ತಾನೆ. ಆಳುಗಳು ಕಲ್ಲೆಸೆಯುತ್ತಾರೆ, ಅಲ್ಲಮನಿಗೆ ಏನೂ ಆಗುವುದಿಲ್ಲ. ಸಿದ್ಧರಾಮನ ಹಣೆಗಣ್ಣಿನ ಬೆಂಕಿಯೂ ಸೋಲುತ್ತದೆ. ಆಮೇಲೆ ಮಾತು ಶುರುವಾಗುತ್ತದೆ: ಕೆರೆ ಕಟ್ಟಿದವನು ಯಾರು, ಗುಡಿಯೊಳಗಿನ ಲಿಂಗ ನಿನ್ನ ಅಂಗದ ಮೇಲೇಕಿಲ್ಲ, ಪುಣ್ಯ ಯಾರ ಲೆಕ್ಕಕ್ಕೆ. ಪವಾಡಗಳ ಪೈಪೋಟಿಯಾಗಿ ತೊಡಗಿದ ಭೇಟಿ ನೋಡುನೋಡುತ್ತಿದ್ದಂತೆ ವಿಚಾರಣೆಯಾಗುತ್ತದೆ. ಗೋರಕ್ಷನ ಪ್ರಸಂಗದಲ್ಲೂ ಹೀಗೆಯೇ. ವಜ್ರಕಾಯ ಸಾಧಿಸಿದ ಗೋರಕ್ಷನಿಗೆ ಕತ್ತಿ ತಾಗಿದರೆ ಖಣಿಲೆನ್ನುತ್ತದೆ. ಅದೇ ಕತ್ತಿ ಅಲ್ಲಮನ ದೇಹದಲ್ಲಿ ಬಯಲಿನಲ್ಲಿ ಬೀಸಿದ ಹಾಗೆ ಹಾಯುತ್ತದೆ. ಕಾಮಿಕ್ಸ್ ಬರೆಯುವವರು ಅಸೂಯೆಪಡಬೇಕಾದ ದೃಶ್ಯವಿದು. ಮುರಿಯದ ದೇಹವೇ ಕೊನೆಯ ಶಕ್ತಿ ಎಂದುಕೊಂಡವನಿಗೆ ಅದೇ ತೊಡಕೆಂದು ತೋರಿಸಲು ಎರಡನೆಯ ವೀರ ಬೇಕೇ ಬೇಕು. ಕನ್ನಡಿ ಇಲ್ಲದೆ ತನ್ನ ಬೆನ್ನನ್ನು ಯಾರೂ ನೋಡಿಕೊಳ್ಳಲಾರರು.

ಇಲ್ಲಿ ವಿಜಯಪುರದ ರೈತನೊಬ್ಬ ತಡೆಯಬಹುದು, ತಡೆಯಬೇಕು ಕೂಡ. ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ಕೆರೆ ಕಟ್ಟುವುದು ಹಮ್ಮಿನ ಕೆಲಸವೆಂದು ಯಾರಾದರೂ ಹೇಳಿದರೆ ಅವರನ್ನು ಊರು ಹೊರಗೆ ಹಾಕೀತು. ಬಬಲೇಶ್ವರ ತಾಲ್ಲೂಕಿನ ಮಮದಾಪುರದ ದೊಡ್ಡ ಕೆರೆ 1633ರಲ್ಲಿ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಆದದ್ದು. ಊರಿಗೆ ಅವನ ಹೆಸರೇ ಬಂತು. ನಾಲ್ಕು ಶತಮಾನಗಳ ತರುವಾಯವೂ ಈ ಭಾಗದ ರಾಜಕಾರಣದ ದೊಡ್ಡ ಮಾತು ಕೆರೆ ತುಂಬುವುದೇ, ತುಬಚಿ-ಬಬಲೇಶ್ವರ ಏತ ನೀರಾವರಿಯೇ. ಇಂಥ ನೆಲದಲ್ಲಿ ಕೆರೆ ತೋಡಿಸಿದವನನ್ನು ಅಲ್ಲಮ ಹಳಿದದ್ದು ನ್ಯಾಯವೇ? ನನ್ನ ಮಟ್ಟಿಗೆ ಅಲ್ಲಮನ ಮಾತಿನ ವರಸೆ ಅನ್ಯಾಯದ್ದೇ, ಮಣ್ಣು ಹೊರುವ ಜನರ ಹೆಸರನ್ನು ಬೈಗುಳ ಮಾಡಿದ್ದಂತೂ ಖಂಡಿತ ಅನ್ಯಾಯ. ಆದರೆ ಗಮನಿಸಿ, ಸಿದ್ಧರಾಮನ ಪರವಾಗಿ ಅಲ್ಲಮನ ಮೇಲೆ ಸಿಟ್ಟಾಗಲು ಓದುಗನಿಗೆ ಅವಕಾಶ ಸಿಕ್ಕಿದ್ದೇ ಅವರಿಬ್ಬರೂ ಒಂದೇ ಪುಟದಲ್ಲಿ ಎದುರಾದದ್ದರಿಂದ. ಒಂಟಿ ಕಾವ್ಯದಲ್ಲಿ ಸಿದ್ಧರಾಮನ ಕೆರೆ ಪ್ರಶ್ನಾತೀತ, ಆದ್ದರಿಂದ ಸಮರ್ಥನೆಯೂ ಬೇಕಿಲ್ಲ. ಕೂಡಿದ ಲೋಕದಲ್ಲಿ ಅದಕ್ಕೆ ವಾದ ಬೇಕಾಯಿತು, ಆ ವಾದವನ್ನು ಮುಂದಿನ ತಲೆಮಾರುಗಳು ತಮ್ಮದೇ ರೀತಿಯಲ್ಲಿ ಮುಗಿಸಿದವು. ಇಂದು ಭೋವಿ-ವಡ್ಡರ ಸಮಾಜ ಸಿದ್ಧರಾಮನನ್ನು ತಮ್ಮ ಗುರುವೆಂದು ಮೆರೆಸುತ್ತದೆ, ಸರ್ಕಾರ ಅವನ ಜಯಂತಿ ಆಚರಿಸುತ್ತದೆ. ಜರಿದ ಹೆಸರೇ ಹಕ್ಕಿನ ಹೆಸರಾಗಿದೆ.

ಜನ ಸೇರಿದರೆ ಸಾಕು, ಕೂಡಿದ ಲೋಕವಾಯಿತು ಎಂಬ ತಪ್ಪು ತಿಳಿವಳಿಕೆಗೆ ಈ ಊರಿನಲ್ಲೇ ಉತ್ತರವಿದೆ. 1649ರಲ್ಲಿ, ಗೋಳಗುಮ್ಮಟದ ಒಡೆಯ ಮುಹಮ್ಮದ್ ಆದಿಲ್ ಶಾಹನ ರಾಣಿ ಖದೀಜಾ ಸುಲ್ತಾನಳ ಆಜ್ಞೆಯಂತೆ ರುಸ್ತಮಿ ಎಂಬ ಕವಿ ದಖನಿಯಲ್ಲಿ ಖಾವರ್‌ನಾಮಾ ಬರೆದ. ಅದಕ್ಕೆ ಮೂಲ ಪಾರ್ಸಿ ಕಾವ್ಯ. ಹಜರತ್ ಅಲಿ ತನ್ನ ಸಂಗಾತಿಗಳೊಡನೆ ದೂರದ ನಾಡುಗಳಿಗೆ ಹೋಗಿ ರಾಜರು, ರಾಕ್ಷಸರು, ಘಟಸರ್ಪಗಳೊಡನೆ ಹೋರಾಡುವ ಸಾವಿರಾರು ದ್ವಿಪದಿಗಳ ಕಥೆ ಅದು. ವೀರರಿಗೇನೂ ಕೊರತೆಯಿಲ್ಲ. ಆದರೆ ಮಾಲಿಕ್ ಆಗಲಿ ಅಬುಲ್ ಮಿಹ್ಜನ್ ಆಗಲಿ ಸಿಕ್ಕಿಬೀಳುವುದು ಅಲಿ ಬಂದು ಬಿಡಿಸಲೆಂದು. ಸಂಗಾತಿಗಳು ನಾಯಕನ ಎತ್ತರ ಅಳೆಯುವ ಕೋಲುಗಳು. ಭಕ್ತಿಯ ದೃಷ್ಟಿಯಿಂದ ಅದು ಹಾಗೆಯೇ ಇರಬೇಕು, ಅದರಲ್ಲಿ ಕವಿಯ ದೋಷವಿಲ್ಲ. ಆದರೆ ಲೆಕ್ಕಕ್ಕೆ ಅದು ಒಂಟಿ ವೀರನ ಕಾವ್ಯವೇ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ಅದನ್ನು ಅನುಸರಿಸಿ 1369ರಲ್ಲಿ ಭೀಮಕವಿ ಬರೆದ ಕನ್ನಡ ಬಸವಪುರಾಣ ಕೂಡ ಇದೇ ಜಾತಿಯವು. ಬಸವಣ್ಣನ ಕಥೆಯ ದಾರಕ್ಕೆ ಭಕ್ತರ ಕಥೆಗಳನ್ನು ಪೋಣಿಸಿದ್ದಾರೆ, ಮಣಿಗಳು ಒಂದರೊಡನೊಂದು ಮಾತಾಡುವುದಿಲ್ಲ. ಇದಕ್ಕಿಂತ ವಿಚಿತ್ರವಾದದ್ದು ತಿಕೋಟಾ ದಾರಿಯ ತೊರವಿ ಬಳಿ ನೌರಸಪುರ ಕಟ್ಟಲು ಹೊರಟ ಎರಡನೆಯ ಇಬ್ರಾಹಿಮ್ ಆದಿಲ್ ಶಾಹನ ಕಿತಾಬೆ ನೌರಸ್. ಅಲ್ಲಿ ಸರಸ್ವತಿ, ಗಣಪತಿ, ಕಲಬುರಗಿಯ ಬಂದೇನವಾಜರು ಮೂವರಿಗೂ ವಂದನೆಯಿದೆ, ಜೊತೆಗೆ ಸುಲ್ತಾನನ ಆನೆಗೂ ತಂಬೂರಿಗೂ ಪ್ರಶಂಸೆಯಿದೆ. ಎಲ್ಲರೂ ಒಂದೇ ಹಾಡುಗಾರನ ಮನಸ್ಸಿನಲ್ಲಿ ಕೂತಿದ್ದಾರೆ, ಪರಸ್ಪರ ಪರಿಚಯವಿಲ್ಲ.

ಮಹಾದೇವಿಯಕ್ಕನ ಉದಾಹರಣೆ ಇನ್ನೂ ಚೊಕ್ಕ, ಏಕೆಂದರೆ ಅವಳ ಎರಡೂ ಕಥೆಗಳು ಪೂರ್ತಿಯಾಗಿವೆ. ಹರಿಹರನ ರಗಳೆಯಲ್ಲಿ ಅಕ್ಕ ರಾಜ ಕೌಶಿಕನನ್ನು ಬಿಟ್ಟು ನೇರವಾಗಿ ಶ್ರೀಶೈಲದ ದಾರಿ ಹಿಡಿಯುತ್ತಾಳೆ. ಕಲ್ಯಾಣದ ಸುದ್ದಿಯೇ ಇಲ್ಲ. ಶೂನ್ಯಸಂಪಾದನೆ ಅವಳನ್ನು ಕಲ್ಯಾಣಕ್ಕೆ ಕರೆತಂದು ಬಾಗಿಲಲ್ಲೇ ನಿಲ್ಲಿಸುತ್ತದೆ. ನಿನ್ನ ಗಂಡ ಯಾರು, ಬಟ್ಟೆ ಬಿಟ್ಟ ಮೇಲೆ ಕೂದಲಿಂದ ಮೈ ಮುಚ್ಚಿಕೊಂಡದ್ದೇಕೆ ಎಂದು ಅಲ್ಲಮ ಕೇಳುತ್ತಾನೆ. ಈ ಪ್ರಶ್ನೆಗಳಲ್ಲಿ ಗಂಡಸಿನ ಒರಟುತನ ಇದ್ದೇ ಇದೆ. ಅಷ್ಟಿದ್ದೂ ಕನ್ನಡಿಗರ ನೆನಪಿನಲ್ಲಿ ನಿಂತ ಅಕ್ಕ ಯಾರು? ಉತ್ತರ ಕೊಟ್ಟು ಸಭೆಯನ್ನು ಗೆದ್ದವಳು. ಹರಿಹರನ ಅಕ್ಕನಿಗೆ ಧೈರ್ಯವಿದೆ, ಆದರೆ ಅದನ್ನು ತೂಗುವ ತಕ್ಕಡಿ ಲಂಪಟ ರಾಜನೊಬ್ಬನೇ, ಅಂಥವನನ್ನು ಮೀರಿಸುವುದರಲ್ಲಿ ದೊಡ್ಡಸ್ತಿಕೆ ಕಡಿಮೆ. ಸಮಾನರ ಮುಂದೆ ನಿಂತಾಗಲೇ ಅವಳ ಬುದ್ಧಿಯ ಹರಿತ ಕಾಣುವುದು.

ಇದೆಲ್ಲ ಕಟ್ಟುಕಥೆ ಎಂಬುದು ಗಟ್ಟಿಯಾದ ಆಕ್ಷೇಪ. ಶರಣರ ಕಾಲಕ್ಕೂ ಶೂನ್ಯಸಂಪಾದನೆಗೂ ಮೂರು ಶತಮಾನಗಳ ಹತ್ತಿರ ಅಂತರವಿದೆ. ಬಿಡಿಬಿಡಿಯಾಗಿ ಹುಟ್ಟಿದ ವಚನಗಳನ್ನು ಪ್ರಶ್ನೋತ್ತರವಾಗಿ ಜೋಡಿಸಿದ್ದು ಸಂಕಲನಕಾರರ ಕೈಚಳಕ. ಶರಣರು ಸೇರಿ ಚರ್ಚಿಸುತ್ತಿದ್ದರೆನ್ನುವ ಅನುಭವ ಮಂಟಪವೆಂಬ ಸಂಸ್ಥೆ ಇತ್ತೇ ಎಂಬುದರ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಸಂಭಾಷಣೆಗಳನ್ನು ಚರಿತ್ರೆಯೆಂದು ನಂಬಬೇಕಿಲ್ಲ, ನಾನೂ ನಂಬುವುದಿಲ್ಲ. ಆದರೆ ಜೋಡಿಸಲು ಸಾಧ್ಯವಾದದ್ದು ಏಕೆ? ವಚನಗಳೇ ಇನ್ನೊಬ್ಬರ ಕಡೆ ತಿರುಗಿ ಮಾತಾಡುವುದರಿಂದ. ಬಸವಣ್ಣ ಮಾದಾರ ಚೆನ್ನಯ್ಯನನ್ನು, ಡೋಹರ ಕಕ್ಕಯ್ಯನನ್ನು ಮತ್ತೆ ಮತ್ತೆ ಹೆಸರಿಸುತ್ತಾನೆ, ಅವರ ಮುಂದೆ ತಾನು ಕಿರಿಯನೆನ್ನುತ್ತಾನೆ. ಅಕ್ಕನ ವಚನಗಳಲ್ಲಿ ಬಸವಣ್ಣ, ಚೆನ್ನಬಸವಣ್ಣ, ಪ್ರಭು ಬಂದು ಹೋಗುತ್ತಾರೆ. ಸಂಕಲನಕಾರರು ಸೇರಿಸಿದ್ದು ರಂಗಸಜ್ಜಿಕೆ. ಸಂಬಂಧ ಮೊದಲೇ ಇತ್ತು. ಅಮೆರಿಕದ ಗುಂಪುಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ಅಲ್ಲಿ ಬೇರೆ ಬೇರೆಯಾಗಿ ಹುಟ್ಟಿದ ವೀರರನ್ನು ಮಾರಾಟಗಾರರು ಕೂಡಿಸಿದರು. ಇಲ್ಲಿ ಕೂಡಿಯೇ ಇದ್ದವರನ್ನು ಕವಿಗಳು ಮೊದಲು ಬಿಡಿಸಿದರು, ಆಮೇಲಿನವರು ಮತ್ತೆ ಕೂಡಿಸಿದರು. ಅಲ್ಲಮನ ಬೆಡಗಿನ ವಚನಗಳಂತೂ ಎದುರಿಗೆ ಕೇಳುವವನಿಲ್ಲದೆ ನಿಲ್ಲುವುದೇ ಕಷ್ಟ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ನೆಲೆಸಿದ ಸಿದ್ಧೇಶ್ವರ ಸ್ವಾಮಿಗಳು ಅಲ್ಲಮನೊಬ್ಬನ ವಚನಗಳಿಗೇ ನಿರ್ವಚನ ಬರೆದರು; ಅದು ಒಂಟಿ ಅಲ್ಲಮನ ಪುಸ್ತಕ ನಿಜ. ಆದರೆ ಅಲ್ಲಿ ಕೇಳುವ ಸಿದ್ಧರಾಮನ ಜಾಗದಲ್ಲಿ ಸ್ವತಃ ವ್ಯಾಖ್ಯಾನಕಾರರೇ ಕೂತಿದ್ದಾರೆ.

ಗುಂಪಿನಲ್ಲಿ ಸಣ್ಣವರು ಮುಳುಗುತ್ತಾರೆ ಎಂಬ ಕೊನೆಯ ಆಕ್ಷೇಪವನ್ನು ಹಳಕಟ್ಟಿಯವರ ಕೆಲಸದ ಮೂಲಕ ನೋಡಬೇಕು. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ 1904ರಲ್ಲಿ ವಕೀಲಿಗೆ ವಿಜಯಪುರಕ್ಕೆ ಬಂದ ಅವರು ತಾಳೆಗರಿಗಳ ಬೆನ್ನು ಹತ್ತಿದರು. 1923ರ ವಚನಶಾಸ್ತ್ರಸಾರದಲ್ಲಿ ಅವರು ವಚನಗಳನ್ನು ವ್ಯಕ್ತಿಗಳ ಪ್ರಕಾರ ಹಂಚಲಿಲ್ಲ, ವಿಷಯಗಳ ಪ್ರಕಾರ ಹೊಂದಿಸಿದರು. ಹೀಗಾಗಿ ಒಂದೇ ತಲೆಬರಹದ ಕೆಳಗೆ ಬಸವಣ್ಣನ ಪಕ್ಕದಲ್ಲಿ ಯಾರೂ ಕೇಳದ ಕಾಯಕದವನೊಬ್ಬ ನಿಂತ. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ಶಿವಾನುಭವ ಪತ್ರಿಕೆ; ಹರಿಹರನ ರಗಳೆಗಳೂ ಅವರ ಕೈಯಿಂದ ಅಚ್ಚಾದವು, ಶೂನ್ಯಸಂಪಾದನೆಯೂ ಆಯಿತು. ಅಂದರೆ ಎರಡೂ ಪದ್ಧತಿಗಳನ್ನು ಅವರು ಉಳಿಸಿದರು. ಆದರೆ ರಗಳೆ ಯಾರಿಗೆ ಸಿಕ್ಕಿತು ನೋಡಿ: ಹೆಚ್ಚಾಗಿ ಈಗಾಗಲೇ ದೊಡ್ಡವರಾದವರಿಗೆ. ಆಯ್ದಕ್ಕಿ ಲಕ್ಕಮ್ಮನ ಹೆಸರಲ್ಲಿ ಉಳಿದಿರುವುದು 25ರಷ್ಟು ವಚನ. ಅವಳಿಗೊಂದು ಮಹಾಕಾವ್ಯ ಬರೆಯಲು ಯಾವ ಆಸ್ಥಾನಕವಿಯೂ ಕೂರುತ್ತಿರಲಿಲ್ಲ. ಶೂನ್ಯಸಂಪಾದನೆಯಲ್ಲಿ ಅವಳ ಗಂಡ ಮಾರಯ್ಯ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಾನೆ. ಒಂದು ದಿನ ಹೆಚ್ಚಿಗೆ ತಂದಾಗ ಲಕ್ಕಮ್ಮ ಅದು ನಮ್ಮದಲ್ಲ, ತೆಗೆದ ಕಡೆಗೇ ಸುರಿದು ಬಾ ಎನ್ನುತ್ತಾಳೆ. ಅವನು ಹೋಗಿ ಸುರಿದು ಬರುತ್ತಾನೆ. ಪವಾಡವಿಲ್ಲ, ಹಣೆಗಣ್ಣಿಲ್ಲ, ಆದರೂ ಅಲ್ಲಮ, ಅಕ್ಕ, ಸಿದ್ಧರಾಮರಿದ್ದ ಗ್ರಂಥದಲ್ಲಿಯೇ ಅವಳಿಗೂ ಮಾತಾಡುವ ಸರದಿ ಬಂದಿದೆ, ಅವಳ ಮಾತು ನಡೆದಿದೆ.