ಅಪ್ಪನ ಹೆಸರಿಲ್ಲದ ಸಾಲು

ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿಬಿಟ್ಟು ಹೇಳದ ಹೆಸರೊಂದು ಪ್ರತಿ ಮನೆತನದಲ್ಲೂ ಇರುತ್ತೇನೋ. ನಮ್ಮಲ್ಲಿ ಹೆಸರೂ ಉಳಿದಿರಲಿಲ್ಲ, ಬರೀ ಒಂದು ದಿಕ್ಕು ಉಳಿದಿತ್ತು... "ಹೊಳಿ ಆಚಿ ಮನಿ". ನಮ್ಮ ಊರು ಕೂಡಲಸಂಗಮದ ಹತ್ತಿರ, ಹುನಗುಂದದ ಕಡೆ. ಮುತ್ತಜ್ಜನಿಗೆ ಮದುವೆಯಾದ ಹೆಂಡತಿ, ಮಕ್ಕಳು ಎಲ್ಲ ಇದ್ದಾಗಲೇ ಹೊಳೆಯಾಚೆ ಇನ್ನೊಬ್ಬಾಕೆ ಇದ್ದಳಂತೆ, ಆಕೆಗೊಬ್ಬ ಮಗನಿದ್ದನಂತೆ. ನಮ್ಮ ತಲೆಮಾರಿಗೆ ಬಂದ ಇತಿಹಾಸ ಇಷ್ಟೇ.

ಮನೆತನದ ವಂಶವೃಕ್ಷವನ್ನು ಕಂಪ್ಯೂಟರಿಗೆ ಹಾಕುವ ಕೆಲಸ ನನ್ನ ತಲೆಗೆ ಬಂದಾಗ (ಸಾಫ್ಟ್‌ವೇರ್‌ನವನು ಅಂದಮೇಲೆ ಇಂಥ ಕೆಲಸ ತಪ್ಪಿದ್ದಲ್ಲ ಬಿಡಿ) ಈ ಮಗನನ್ನು ಎಲ್ಲಿ ಹಾಕೋದು ಅನ್ನೋ ಪ್ರಶ್ನೆ ಎದ್ದಿತು. ನಾನು ಬಳಸುತ್ತಿದ್ದ ತಂತ್ರಾಂಶದಲ್ಲಿ ಮಗು ಹುಟ್ಟಬೇಕಾದರೆ ಮೊದಲು ಒಂದು ಮದುವೆ ಇರಬೇಕು! ನಗು ಬಂತು. ಆದರೆ ನಮ್ಮ ಹಳೆಯ ವಂಶಾವಳಿಗಳದ್ದೂ ಇದೇ ಲೆಕ್ಕ ಅಲ್ಲವೇ?

ನಮ್ಮ ಕಡೆ ವಂಶಾವಳಿ ಇಟ್ಟವರು ಹೆಳವರು. ಎತ್ತಿನ ಮೇಲೆ ಕೂತು ಊರೂರು ತಿರುಗಿ, ತಮಗೆ ಸೇರಿದ ಒಕ್ಕಲು ಮನೆಗಳ ಮುಂದೆ ನಿಂತು ತಲೆತಲಾಂತರದ ಹೆಸರು ಹೇಳುವವರು. ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳು ಬಟ್ಟೆ ಇಸಿದುಕೊಂಡು ಹೋಗುತ್ತಾರೆ. ನಮ್ಮ ಮನೆಯ ಹೆಳವರ ಪುಸ್ತಕದಲ್ಲಿ ಮುತ್ತಜ್ಜನಿಗೆ ಮೂರೇ ಗಂಡುಮಕ್ಕಳು. ನಾಲ್ಕನೆಯವನಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಮನೆಯವರು ಹೇಳಿದ್ದನ್ನು ಅವರು ಬರೆದುಕೊಂಡರು, ಮನೆಯವರು ಹೇಳಲಿಲ್ಲ, ಅಷ್ಟೇ.

ಹಾಗಾದರೆ ಇಂಥ ಮಕ್ಕಳನ್ನು ಬೇರೆ ದೇಶದವರು ಹೇಗೆ ಹುಡುಕುತ್ತಾರೆ ಅಂತ ನೋಡುತ್ತಾ ಹೋದೆ. ಸ್ಕಾಟ್ಲೆಂಡಿನವರದು ಕೇಳಿದರೆ ಹೊಟ್ಟೆಕಿಚ್ಚಾಗುತ್ತದೆ. ಅಲ್ಲಿ ಪ್ರತಿ ಊರಿನ ಚರ್ಚಿಗೂ ಪಾದ್ರಿ ಮತ್ತು ಹಿರಿಯರ ಒಂದು ಪಂಚಾಯಿತಿ ಇತ್ತು, ಅದನ್ನು ಕರ್ಕ್ ಸೆಷನ್ ಅಂತಾರೆ. ಮದುವೆಯಾಗದ ಹೆಣ್ಣು ಬಸುರಾದರೆ ಕರೆಸಿ, ಅಪ್ಪ ಯಾರು ಅಂತ ಕೇಳುತ್ತಿದ್ದರು. ಅವಳು ಹೆಸರು ಹೇಳಿದರೆ ಆ ಗಂಡಸನ್ನೂ ಕರೆಸುತ್ತಿದ್ದರು. ಒಪ್ಪಿದನೋ, ಇಲ್ಲವೆಂದನೋ, ಆಣೆ ಮಾಡುತ್ತೇನೆಂದನೋ, ಎಲ್ಲ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ತಪ್ಪು ಒಪ್ಪಿಕೊಂಡವರು ಭಾನುವಾರ ಚರ್ಚಿನಲ್ಲಿ ಎಲ್ಲರ ಮುಂದೆ ನಿಲ್ಲಬೇಕಿತ್ತು. ಇದು ಬರೀ ಪಾಪಪುಣ್ಯದ ಮಾತಲ್ಲ. ಅಪ್ಪ ಸಿಗದಿದ್ದರೆ ಆ ಮಗುವಿನ ಹೊಟ್ಟೆಗೆ ಊರಿನ ಬಡವರ ನಿಧಿಯಿಂದಲೇ ದುಡ್ಡು ಹೋಗಬೇಕಿತ್ತು. 1855ರಲ್ಲಿ ಸರಕಾರಿ ಜನನ ನೋಂದಣಿ ಶುರುವಾದ ಮೇಲೆ, ಅಪ್ಪ ತಾನೇ ಬಂದು ತಾಯಿಯ ಜೊತೆ ಸಹಿ ಮಾಡಿದರೆ ಮಾತ್ರ ಅವನ ಹೆಸರು ಬರೆಯುತ್ತಿದ್ದರು. ಬರಲಿಲ್ಲವೆಂದರೆ ಆಕೆ ಕೋರ್ಟಿಗೆ ಹೋಗಬಹುದಿತ್ತು. ಅಲ್ಲಿ ಗೆದ್ದರೆ ತಿದ್ದುಪಡಿಗೆಂದೇ ಇಟ್ಟ ಇನ್ನೊಂದು ಪುಸ್ತಕದಲ್ಲಿ ಅಪ್ಪನ ಹೆಸರು ಸೇರುತ್ತಿತ್ತು. ಆ ಕರ್ಕ್ ಸೆಷನ್ ಪುಸ್ತಕಗಳ ಲಕ್ಷಾಂತರ ಪುಟಗಳು 2021ರಿಂದ ಇಂಟರ್ನೆಟ್ಟಿನಲ್ಲೇ ಸಿಗುತ್ತವೆ.

ನಮ್ಮಲ್ಲಿ ಅಪ್ಪ ಯಾರು ಅಂತ ಕೇಳಿ ಬರೆದಿಡುವ ಇಂಥ ಪುಸ್ತಕ ಇರಲಿಲ್ಲ. ಊರವರು ಆಡಿಕೊಂಡರು, ಮರೆತರು. ಹಾಗಾದರೆ ಆ ಹುಡುಗ ಕಾಗದದ ಮೇಲೆ ಎಲ್ಲೂ ಇಲ್ಲವೇ?

ಇಲ್ಲಿ ನನಗೆ ಹೊಳೆದದ್ದು ಇಷ್ಟು. ಸ್ಕಾಟ್ಲೆಂಡಿನ ಪುಸ್ತಕ ಕೇಳಿದ್ದು "ಅಪ್ಪ ಯಾರು" ಅಂತ. ನಮ್ಮ ಪುಸ್ತಕ ಕೇಳಿದ್ದು "ಹೊಲ ಯಾರದು" ಅಂತ. 1818ರಲ್ಲಿ ಬಾದಾಮಿ ಕೋಟೆ ಹಿಡಿದ ಥಾಮಸ್ ಮನ್ರೋ (ಆತನೂ ಸ್ಕಾಟ್ಲೆಂಡಿನ ಗ್ಲಾಸ್ಗೋದವನೇ!) ಮದ್ರಾಸಿನ ಕಡೆ ಬೆಳೆಸಿದ್ದು ರೈತವಾರಿ ಪದ್ಧತಿ. ನಮ್ಮ ಮುಂಬಯಿ ಪ್ರಾಂತದಲ್ಲೂ ಭೂಮಾಪನ ಆಗಿ ಒಂದೊಂದು ಹೊಲಕ್ಕೂ ಒಬ್ಬೊಬ್ಬ ಖಾತೆದಾರ ಅಂತ ಬಂತು. 1903ರ ಕಾಯಿದೆಯಿಂದ ಹಕ್ಕುಪತ್ರಕದ ದಾಖಲೆ ಶುರುವಾಯಿತು. ಹೊಲ ಒಬ್ಬರಿಂದ ಒಬ್ಬರಿಗೆ ಹೋದಾಗಲೆಲ್ಲ ಕುಲಕರ್ಣಿ ಅಥವಾ ತಲಾಟಿ ಒಂದು ಸಾಲು ಬರೆಯಬೇಕು: ಯಾರಿಂದ, ಯಾರಿಗೆ, ಯಾಕೆ. ನಮ್ಮ ಕಡೆ ಇದಕ್ಕೆ ಈಗಲೂ ಡೈರಿ ಅಂತಲೇ ಅನ್ನೋದು.

ಹಾಗಾಗಿ ಮುತ್ತಜ್ಜನ ಮಕ್ಕಳನ್ನು ಹುಡುಕೋದು ಬಿಟ್ಟು ಮುತ್ತಜ್ಜನ ಹೊಲಗಳನ್ನು ಹುಡುಕಿದೆ. ಈಗಿನ ಉತಾರದಿಂದ ಹಿಂದಕ್ಕೆ, ಒಂದೊಂದೇ ಡೈರಿ ನಂಬರು ಹಿಡಿದುಕೊಂಡು. 1938ರ ಒಂದು ಪುಟದಲ್ಲಿ ಸಿಕ್ಕಿತು. ನಾಲ್ಕು ಎಕರೆ ಚಿಲ್ಲರೆ ಹೊಲ ಮುತ್ತಜ್ಜನ ಹೆಸರಿನಿಂದ ಕಡಿಮೆಯಾಗಿ ಒಬ್ಬ ಹುಡುಗನ ಹೆಸರಿಗೆ ಹೋಗಿದೆ. ಕಾರಣದ ಜಾಗದಲ್ಲಿ "ಪೋಟಗಿ ಬಾಬತ್ತು" ಅಂತಿದೆ. ಪೋಟಗಿ ಅಂದರೆ ಹೊಟ್ಟೆಪಾಡಿಗೆ ಕೊಡುವುದು, ಜೀವನಾಂಶ. ಹುಡುಗನ ಹೆಸರಿನ ಮುಂದೆ "ತಂದೆ" ಅಂತ ಇಲ್ಲವೇ ಇಲ್ಲ. "ಅ.ಪಾ.ಕ. ತಾಯಿ" ಅಂತ ಬರೆದು ಆಕೆಯ ಹೆಸರು ಬರೆದಿದ್ದಾರೆ.

ಈ ಅ.ಪಾ.ಕ. ಅನ್ನೋದು ಅಜ್ಞಾನ ಪಾಲನಕರ್ತ. ವಯಸ್ಸಿಗೆ ಬರದ ಮಗುವಿನ ಪರವಾಗಿ ಆಸ್ತಿ ನೋಡಿಕೊಳ್ಳುವವರು. ಮದುವೆಯಲ್ಲಿ ಹುಟ್ಟಿದ ಮಗುವಿಗೆ ಅಪ್ಪ ಬದುಕಿದ್ದರೆ ಸಾಮಾನ್ಯವಾಗಿ ಅಪ್ಪನೇ ಪಾಲಕ. 1938ರಲ್ಲಿ ಮುತ್ತಜ್ಜ ಗಟ್ಟಿಮುಟ್ಟಾಗಿ ಬದುಕಿದ್ದ, ಹೊಲ ಕೊಟ್ಟವನೂ ಅವನೇ, ಆದರೂ ಪಾಲಕಿ ತಾಯಿ! ಅಂದರೆ ಬರೆದವನಿಗೆ ಎಲ್ಲ ಗೊತ್ತಿತ್ತು. ಮುಂದೆ 1956ರ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯಿದೆ ಇದನ್ನೇ ಬಾಯಿಬಿಟ್ಟು ಹೇಳಿತು: ಮದುವೆಯಾಚೆ ಹುಟ್ಟಿದ ಮಗುವಿಗೆ ಮೊದಲ ಪಾಲಕಿ ತಾಯಿ, ಆಮೇಲೆ ಅಪ್ಪ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. "ಇಟ್ಟುಕೊಂಡವಳು" ಅಂತ ಮನೆಯವರು ಅಂದಾಕ್ಷಣ ನಂಬಬಾರದು. ನಮ್ಮ ಕಡೆ ಅನೇಕ ಜಾತಿಗಳಲ್ಲಿ ಉಡಕಿ ಪದ್ಧತಿ ಇತ್ತು. ಗಂಡ ಸತ್ತವಳು, ಗಂಡನನ್ನು ಬಿಟ್ಟವಳು ಇನ್ನೊಬ್ಬನಿಂದ ಸೀರೆ ಉಡಿಸಿಕೊಂಡು ಸಂಸಾರ ಮಾಡುವುದು. ಅದು ರೂಢಿಯ ಪ್ರಕಾರ ಮದುವೆಯೇ, ಮಕ್ಕಳು ಹಕ್ಕಿನ ಮಕ್ಕಳೇ. ಮೊದಲ ಹೆಂಡತಿಯ ಕಡೆಯವರು ಬೇಕಂತಲೇ ಅದನ್ನು ಕೀಳು ಮಾಡಿ ಹೇಳಿರಬಹುದು. ನಮ್ಮ ಡೈರಿಯಲ್ಲಿ ಮಾತ್ರ ಆಕೆಯ ಹೆಸರಿನ ಜೊತೆ "ಗಂಡ" ಅಂತ ಯಾರ ಹೆಸರೂ ಇಲ್ಲ, ಪೋಟಗಿ ಅನ್ನೋ ಮಾತಿದೆ. ಹಾಗಾಗಿ ಉಡಕಿಯಲ್ಲ ಅಂದುಕೊಂಡೆ.

ಪೋಟಗಿ ಯಾಕೆ, ಪಾಲು ಯಾಕಿಲ್ಲ? ಅದಕ್ಕೂ ಉತ್ತರ ನಮ್ಮ ನೆಲದಲ್ಲೇ ಇದೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ ದಾಸೀಪುತ್ರನ ವಿಷಯ ಎತ್ತುತ್ತದೆ. ಶೂದ್ರನಿಗೆ ದಾಸಿಯಲ್ಲಿ ಹುಟ್ಟಿದ ಮಗನಿಗೆ ಅಪ್ಪ ಬದುಕಿದ್ದಾಗ ಅವನು ಇಷ್ಟಪಟ್ಟು ಕೊಟ್ಟಷ್ಟು, ಸತ್ತ ಮೇಲೆ ಅಣ್ಣತಮ್ಮಂದಿರಿಂದ ಅರ್ಧ ಪಾಲು. ಮೇಲಿನ ಮೂರು ವರ್ಣದವರಾದರೆ ಪಾಲಿಲ್ಲ, ಬರೀ ಅನ್ನಬಟ್ಟೆ. ಬ್ರಿಟಿಷರ ಕಾಲದಲ್ಲಿ ದಾಸಿ ಅಂದರೆ ಕೊಂಡುಕೊಂಡ ಆಳೋ, ಕಾಯಂ ಆಗಿ ಒಬ್ಬನ ಜೊತೆಗೇ ಇದ್ದವಳೋ ಅಂತ ಹೈಕೋರ್ಟುಗಳು ವಾದ ಮಾಡಿದವು. 1870ರ ದಶಕದಲ್ಲಿ ಮುಂಬಯಿ ಹೈಕೋರ್ಟು ಎರಡನೆಯ ಅರ್ಥದ ಕಡೆ ವಾಲಿತು. ಹೆಣ್ಣುಮಗುವಾದರೆ ಅಪ್ಪನ ಆಸ್ತಿಯಲ್ಲಿ ಏನೂ ಇಲ್ಲ. ಹಾಗಾಗಿ ಅಂಥ ಹೆಣ್ಣುಮಕ್ಕಳು ಡೈರಿಯಲ್ಲೂ ಸಿಗುವುದು ಕಷ್ಟ. ನಮ್ಮ ಮುತ್ತಜ್ಜನಿಗೆ ಹೊಳೆಯಾಚೆ ಮಗಳೂ ಇದ್ದಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ ಅನ್ನೋದು ನೆನಸಿಕೊಂಡರೆ ಒಂಥರಾ ಆಗುತ್ತದೆ.

ಆದರೆ ತಾಯಿಯ ಹೆಸರಿನಿಂದ ಗುರುತಿಸೋದು ಯಾವಾಗಲೂ ನಾಚಿಕೆಯ ವಿಷಯವೇ ಆಗಿತ್ತಾ? ಬಾದಾಮಿ ಹತ್ತಿರದ ಮಹಾಕೂಟಕ್ಕೆ ಹೋದವರು ಪುಷ್ಕರಣಿ ನೋಡಿ ಬರುತ್ತಾರೆ. ಅಲ್ಲಿನ ಗುಡಿಯ ಕಂಬವೊಂದರ ಮೇಲೆ ಚಾಲುಕ್ಯ ವಿಜಯಾದಿತ್ಯನ (696-733) ಕಾಲದ ಕನ್ನಡ ಶಾಸನವಿದೆ. ರಾಜನ ಪ್ರಾಣವಲ್ಲಭೆ ವಿನಾಪೋಟಿ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಛತ್ರಿ, ಭೂಮಿ ಕೊಟ್ಟದ್ದನ್ನು ಹೇಳುವ ಶಾಸನ. ಅವಳನ್ನು ಸೂಳೆ ಅಂತಲೇ ಕರೆದಿದ್ದಾರೆ, ಗೌರವದ ಬಹುವಚನದಲ್ಲಿ! ಅವಳ ವಂಶವನ್ನೂ ಕೆತ್ತಿದ್ದಾರೆ: ಅಜ್ಜಿ ರೇವಮಂಚಳು, ಅವಳ ಮಗಳು ಕುಚಿಪೋಟಿ, ಅವಳ ಮಗಳು ವಿನಾಪೋಟಿ. ಮೂರು ತಲೆಮಾರು, ಒಬ್ಬ ಅಪ್ಪನೂ ಇಲ್ಲ. ಸಾವಿರದ ಮುನ್ನೂರು ವರ್ಷದ ಹಿಂದೆ ಕಲ್ಲಿನ ಮೇಲೆ ಕೆತ್ತಿಸಿ ಹೇಳಿದ್ದನ್ನು ನಮ್ಮ ಮನೆಯಲ್ಲಿ ಪಿಸುಮಾತಿನಲ್ಲೂ ಹೇಳಲಿಲ್ಲ.

ಈ ಹುಡುಕಾಟ ನಮ್ಮ ದೊಡ್ಡಪ್ಪನಿಗೆ ಒಂಚೂರೂ ಸೇರಲಿಲ್ಲ. "ಮುಚ್ಚಿದ್ದನ್ನ ಯಾಕ ಕೆದರಾಕ ಹತ್ತೀದಿ? ನಾಳೆ ಅವ್ರು ಪಾಲು ಕೇಳಾಕ ಬಂದ್ರ ನೀ ಕೊಡ್ತಿಯೇನು?" ಅಂದರು. ಅವರ ಹೆದರಿಕೆ ಸುಳ್ಳೆಂದು ತಳ್ಳಿಹಾಕದೆ ಕಾನೂನನ್ನೂ ನೋಡಿದೆ. ಕರ್ನಾಟಕದಿಂದಲೇ ಹೋಗಿದ್ದ ಒಂದು ಮೊಕದ್ದಮೆಯಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು, ಕಾನೂನಿನಲ್ಲಿ ನಿಲ್ಲದ ಮದುವೆಯಿಂದ ಹುಟ್ಟಿದ ಮಕ್ಕಳಿಗೂ ಹೆತ್ತವರ ಪಾಲಿಗೆ ಬರುವ ಆಸ್ತಿಯಲ್ಲಿ ಹಕ್ಕಿದೆ ಅಂದಿತು. ಮದುವೆಯೇ ಇಲ್ಲದೆ ಹುಟ್ಟಿದ ಮಗುವನ್ನು 1956ರ ಉತ್ತರಾಧಿಕಾರ ಕಾಯಿದೆ ತಾಯಿಯ ಕಡೆಗೇ ಜೋಡಿಸುತ್ತದೆ. ನಮ್ಮದಂತೂ ಅದಕ್ಕೂ ಹಿಂದಿನ ಕಥೆ, ಕೊಡಬೇಕಾದ್ದನ್ನು ಮುತ್ತಜ್ಜ ಕೊಟ್ಟು ಮುಗಿಸಿದ್ದಾನೆ. ಅದೂ ಅಲ್ಲದೆ ಆ ನಾಲ್ಕು ಎಕರೆ, ನಮ್ಮ ಒಂದಷ್ಟು ಹೊಲದ ಜೊತೆಗೇ, ನಾರಾಯಣಪುರ ಜಲಾಶಯದ ಹಿನ್ನೀರಿನಲ್ಲಿ ಮುಳುಗಿತು. ಪರಿಹಾರದ ಪಟ್ಟಿಯಲ್ಲಿ ಆ ಹುಡುಗನ ಮಕ್ಕಳ ಹೆಸರುಗಳಿದ್ದವು. ಬೇರೆ ಬೇರೆಯಾದ ಎರಡು ಮನೆಗಳನ್ನು ಹೊಳೆಯೇ ಒಟ್ಟಿಗೆ ನುಂಗಿತ್ತು. ಅವರೀಗ ಯಾವ ಪುನರ್ವಸತಿ ಕೇಂದ್ರದಲ್ಲಿದ್ದಾರೆ ಅನ್ನುವುದೂ ನನಗೆ ತಿಳಿಯಿತು. ಹಾಗಾಗಿಯೇ ಇಲ್ಲಿ ಯಾರ ಹೆಸರೂ ಬರೆಯುತ್ತಿಲ್ಲ.

ಡೈರಿಯ ನಕಲನ್ನು ನಮ್ಮ ಆಯಿಗೆ (ಅಪ್ಪನ ತಾಯಿ) ಓದಿ ಹೇಳಿದೆ. ಸೊಸೆಯಾಗಿ ಬಂದು ಎಪ್ಪತ್ತು ವರ್ಷವಾಯಿತು, ಒಂದು ದಿನವೂ ಈ ಮಾತು ಎತ್ತಿದವಳಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಸರು ಬರದಾರಾ? ಆಕಿ ಹೆಸರು?" ಅಂತ ಎರಡು ಸಲ ಕೇಳಿದಳು. ಆಮೇಲೆ, "ಮಾಂವ ಸತ್ತಾಗ ಬಂದಿದ್ಲಪ್ಪಾ. ಮಗನ ಕೈ ಹಿಡಕೊಂಡು ಬಾಗಲಾ ಹೊರಗ ನಿಂತಿದ್ಲು. ಒಳಗ ಬಾ ಅನ್ನಲಿಲ್ಲ ಯಾರೂ. ನಾನೂ ಅನ್ನಲಿಲ್ಲ" ಅಂದಳು.

ಸಂಗಮದ ನೆಲದವರಾದ ನಾವು ಇವನಾರವ ಅಂತ ಕೇಳಬಾರದು ಅನ್ನೋದನ್ನು ಚಿಕ್ಕಂದಿನಿಂದ ಬಾಯಿಪಾಠ ಮಾಡಿದವರು. ನಾವು ಕೇಳಲಿಲ್ಲ ನಿಜ, ಆದರೆ ನಮ್ಮವನು ಅಂತಲೂ ಹೇಳಲಿಲ್ಲ.

ತಂತ್ರಾಂಶ ಬಿಟ್ಟು ಸಾದಾ ಹಾಳೆಯಲ್ಲೇ ಈಗ ವಂಶವೃಕ್ಷ ಬರೆದಿದ್ದೇನೆ. ಮುತ್ತಜ್ಜನ ಕೆಳಗೆ ನಾಲ್ಕು ಗಂಡುಮಕ್ಕಳು. ನಾಲ್ಕನೆಯವನ ಪಕ್ಕದಲ್ಲಿ ಅವನ ತಾಯಿಯ ಹೆಸರು. ಅವರ ಮನೆ ಬಾಗಿಲು ತಟ್ಟಿಲ್ಲ. ಅಪ್ಪನ ಹೆಸರಿಲ್ಲದೆ ಮೂರು ತಲೆಮಾರು ಬಾಳಿ ತೋರಿಸಿದವರಿಗೆ ಈಗ ನಮ್ಮ ನೆಂಟಸ್ತಿಕೆ ಬೇಕೋ ಬೇಡವೋ ಅನ್ನೋದು ಅವರಿಗೆ ಬಿಟ್ಟದ್ದು. ದೂರದ ಒಬ್ಬ ಹಿರಿಯರ ಮೂಲಕ ಹಾಳೆಯ ಒಂದು ಪ್ರತಿ ಕಳಿಸಿದ್ದೇನೆ, ಅಷ್ಟೇ.

ನಿಮ್ಮ ಮನೆಯಲ್ಲೂ ಇಂಥ "ಹೊಳಿ ಆಚಿ ಮನಿ" ಇದ್ದರೆ ವಂಶಾವಳಿಯಲ್ಲಿ ಹುಡುಕಬೇಡಿ, ಹೊಲದ ಡೈರಿಯಲ್ಲಿ ಹುಡುಕಿ. 2024ರಲ್ಲಿ ಶುರುವಾದ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಆದರೆ ಓದಿ ಅರ್ಥ ಹೇಳಬಲ್ಲ ಅಜ್ಜಿಯಂದಿರನ್ನು ಯಾರೂ ಸ್ಕ್ಯಾನ್ ಮಾಡಿಟ್ಟಿಲ್ಲ. ಅವರು ಇರುವಾಗಲೇ ಕೇಳಿಬಿಡಿ.