ಹಾಟ್‌ಮೇಲ್ ಮನೆ ಬದಲಿಸಿದ ಕಥೆ (ಭಾಗ 4)

ದೋಸ್ತ್ರ, ಇವತ್ತಿನ ಇತಿಹಾಸಕ್ಕೆ ಬರೋದಕ್ಕಿಂತ ಮೊದಲು ನಾನು ಮಾಡಿದ ಒಂದು ತಪ್ಪು ಹೇಳ್ತೀನಿ. ನಗಬ್ಯಾಡ್ರಿ.

ಕಾಲೇಜು ಮುಗಿಸಿ ರಾಜೂರಿಗೆ ಬರೋ ಮೊದಲು ಗಜೇಂದ್ರಗಡದ ಒಂದು ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯಾಕ ಹೋಗ್ತೀನಿ. ಅಲ್ಲಿಯ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇತ್ತು. 2025ರ ಅಕ್ಟೋಬರ್ 14ಕ್ಕೆ ಅದರ ಸಪೋರ್ಟ್ ಮುಗೀತು. "ಹೊಸದು ಹಾಕಿಕೊಡ್ತೀನಿ ಬಿಡ್ರಿ ಕಾಕಾ" ಅಂದೆ. ಪೆನ್‌ಡ್ರೈವ್ ಹಚ್ಚಿ, ಎಲ್ಲಾ ಫಾರ್ಮ್ಯಾಟ್ ಹೊಡೆದು ವಿಂಡೋಸ್ 11 ಹಾಕಿದೆ. ಮೇಲ್ ತೆರೆದರೆ ಇನ್‌ಬಾಕ್ಸ್ ಖಾಲಿ. ನಾಲ್ಕು ವರ್ಷದ ಆರ್ಡರ್, ಬಿಲ್, ದರ ಮಾತಾಡಿದ ಪತ್ರ, ಎಲ್ಲಾ ಹೋಗಿತ್ತು.

ನಾನು ಮೇಲ್ ಅಂದ್ರ ಇಂಟರ್ನೆಟ್‌ನಾಗ ಇರ್ತೈತಿ ಅಂದ್ಕೊಂಡಿದ್ದೆ. ಆದರೆ ಆ ಕಂಪ್ಯೂಟರಿನಲ್ಲಿ ಪಾಪ್ ಅನ್ನೋ ಹಳೇ ಪದ್ಧತಿ ಇತ್ತು. ಅದು ಸರ್ವರ್‌ನಿಂದ ಮೇಲ್ ಇಳಿಸಿಕೊಂಡು ಅಲ್ಲಿದ್ದದ್ದನ್ನ ಅಳಿಸಿಬಿಡ್ತಿತ್ತು. ಇದ್ದ ಒಂದೇ ಪ್ರತಿಯನ್ನ ನಾನೇ ಅಳಿಸಿದ್ದೆ. ಕಳಿಸಿದವರಿಗೆಲ್ಲ ಫೋನ್ ಮಾಡಿ ಮತ್ತೆ ಕಳಿಸ್ರಿ ಅಂತ ಕೇಳಿದ್ವಿ. ಅರ್ಧನೂ ಸಿಗಲಿಲ್ಲ. ಕಾಕಾ ಬೈಯಲಿಲ್ಲ. ಅದೇ ಹೆಚ್ಚು ನೋವಾತು.

ಹಂಗಾದ್ರ ಕೋಟಿಗಟ್ಟಲೆ ಜನರ ಮೇಲ್ ಇಟ್ಟವರು ಹೊಸ ಸಿಸ್ಟಮ್‌ಗೆ ಹೆಂಗ ಹೋಗ್ತಾರ? ಹುಡುಕಿದಾಗ ಸಿಕ್ಕದ್ದು ಹಾಟ್‌ಮೇಲ್ ಕಥೆ.

ಇದನ್ನ ಕಟ್ಟಿದ ಇಬ್ಬರಲ್ಲಿ ಒಬ್ಬರು ಸಬೀರ್ ಭಾಟಿಯಾ. ಚಂಡೀಗಢದಲ್ಲಿ ಹುಟ್ಟಿದವರು, ಆದರೆ ಬೆಳೆದದ್ದು ನಮ್ಮ ಬೆಂಗಳೂರಿನಲ್ಲಿ, ಓದಿದ್ದು ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ. ಇನ್ನೊಬ್ಬರು ಜ್ಯಾಕ್ ಸ್ಮಿತ್. ಅಮೆರಿಕದಲ್ಲಿ ಇಬ್ಬರೂ ಒಂದೇ ಕಂಪನಿಯಲ್ಲಿದ್ದಾಗ, ಆಫೀಸಿನವರ ಕಣ್ಣಿಗೆ ಬೀಳದಂಗ ಪರಸ್ಪರ ಪತ್ರ ಬರೆಯೋದು ಹೆಂಗ ಅನ್ನೋ ಚಿಂತೆಯಿಂದ ಈ ವಿಚಾರ ಹುಟ್ಟಿತು: ಮೇಲ್ ಒಂದು ಕಂಪ್ಯೂಟರಿಗೆ ಅಂಟಿಕೊಂಡಿರಬಾರದು, ಬ್ರೌಸರ್ ಇದ್ದಲ್ಲೆಲ್ಲ ತೆರೀಬೇಕು. 1996ರ ಜುಲೈ 4ರಂದು ಹಾಟ್‌ಮೇಲ್ ಶುರುವಾಯಿತು. ನೋಡ್ರಿ, ಕಾಕಾನ ಅಂಗಡಿಯ ಸಮಸ್ಯೆಗೆ ಉತ್ತರ ನಾವು ಹುಟ್ಟೋದಕ್ಕಿಂತ ಮೊದಲೇ ಇತ್ತು!

1997ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಇದನ್ನ ಸುಮಾರು 40 ಕೋಟಿ ಡಾಲರಿಗೆ ಕೊಂಡಿತು. ಆಮೇಲೆ ಒಂದು ಫಜೀತಿ. ಹಾಟ್‌ಮೇಲ್ ಓಡ್ತಿದ್ದದ್ದು ವಿಂಡೋಸ್ ಮೇಲೆ ಅಲ್ಲ. ಜನರಿಗೆ ಪುಟ ತೋರಿಸೋ ಮುಂದಿನ ಯಂತ್ರಗಳಲ್ಲಿ ಫ್ರೀಬಿಎಸ್‌ಡಿ, ಪತ್ರ ಕೂಡಿಡೋ ಹಿಂದಿನ ಯಂತ್ರಗಳಲ್ಲಿ ಸನ್ ಕಂಪನಿಯ ಸೋಲಾರಿಸ್. ಎರಡೂ ಯೂನಿಕ್ಸ್ ವಂಶದವು. ಊರಿಗೆಲ್ಲ ವಿಂಡೋಸ್ ಸರ್ವರ್ ಮಾರೋ ಕಂಪನಿ ತನ್ನ ಮೇಲ್ ಮಾತ್ರ ಬೇರೆಯವರ ಸಿಸ್ಟಮ್ ಮೇಲೆ ನಡೆಸೋದಂದ್ರ, ಖಾನಾವಳಿ ಇಟ್ಟಾಂವ ತಾನು ಹೋಗಿ ಎದುರಿನ ಖಾನಾವಳಿಯಾಗ ಉಂಡಂಗ.

ಆದರೂ ಅವರು ನನ್ನಂಗ ಅವಸರ ಮಾಡಲಿಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಕಾದರು. 2000ದ ಫೆಬ್ರುವರಿ 17ಕ್ಕೆ ವಿಂಡೋಸ್ 2000 ಹೊರಬಂತು. ಆ ವರ್ಷವೇ ಕೆಲಸ ಶುರುವಾಯಿತು. ಬದಲಿಸಿದ್ದು ಮೊದಲು ಮುಂದಿನ ಯಂತ್ರಗಳನ್ನ ಮಾತ್ರ. ಯಾಕಂದ್ರ ಅವುಗಳಲ್ಲಿ ಯಾರ ಪತ್ರವೂ ಇರೋದಿಲ್ಲ. ಕೆಲವನ್ನ ತೆಗೆದು ಹೊಸ ಸಿಸ್ಟಮ್ ಹಾಕಿದರೆ ಉಳಿದವು ಭಾರ ಹೊರುತ್ತವೆ, ಏನಾದ್ರೂ ಕೆಟ್ಟರೆ ಹಳೇದು ಪಕ್ಕದಲ್ಲೇ ಇರ್ತೈತಿ. ಪತ್ರ ಇಟ್ಟಿದ್ದ ಸೋಲಾರಿಸ್ ಯಂತ್ರಗಳನ್ನ ಆಗ ಮುಟ್ಟಲಿಲ್ಲ. ಈ ಬದಲಾವಣೆ ಬಗ್ಗೆ ಕಂಪನಿಯ ಒಳಗೆ ಬರೆದ ವರದಿಯೊಂದು ಆಮೇಲೆ ಹೊರಬಿತ್ತು. ಅದರಲ್ಲಿ ಯೂನಿಕ್ಸ್ ಎಲ್ಲೆಲ್ಲಿ ಚಲೋ ಐತಿ ಅಂತ ಅವರೇ ಒಪ್ಪಿಕೊಂಡಿದ್ದರು. ಬಿಟ್ಟು ಹೋಗೋ ಮನೆಯ ಗುಣ ಗೊತ್ತಿದ್ದವರಷ್ಟೇ ಹೊಸ ಮನೆಯಲ್ಲಿ ಏನು ಬೇಕು ಅಂತ ಹೇಳಬಲ್ಲರು.

ನಮ್ಮ ಅಜ್ಜ ಹಗೇವಿನ ಮಾತು ಹೇಳ್ತಿದ್ದ. ನೆಲದೊಳಗಿನ ಹಗೇವಿನಾಗ ಜ್ವಾಳ ತುಂಬೋ ಕಾಲ ಅದು. "ಹೊಸ ಹಗೇವಿನ ತಳ ಒಣಗೈತೋ ಇಲ್ಲೋ ನೋಡದ ಹಳೇದ್ರಾಗಿನ ಜ್ವಾಳ ತೆಗೀಬ್ಯಾಡ" ಅಂತಿದ್ದ. ನಾನು ನೋಡದ ತೆಗೆದಿದ್ದೆ.

2012ರಲ್ಲಿ ಹಾಟ್‌ಮೇಲ್ ಮತ್ತೆ ಮನೆ ಬದಲಿಸಿತು. ಜುಲೈ 31ಕ್ಕೆ ಔಟ್‌ಲುಕ್ ಡಾಟ್ ಕಾಮ್ ಶುರು. ಮೊದಲು ಮನಸ್ಸಿದ್ದವರು ಹೋದರು, ಉಳಿದವರನ್ನ 2013ರ ಹೊತ್ತಿಗೆ ಸಾಗಿಸಿದರು. ಹಳೇ ಹಾಟ್‌ಮೇಲ್ ವಿಳಾಸ ಇವತ್ತಿಗೂ ನಡೀತೈತಿ. ಚಂದ ಮನೆ ಬದಲಿಸೋದಂದ್ರ ಇದು: ಪತ್ರ ಬರೆಯೋ ಮನುಷ್ಯಗ ಗೊತ್ತೇ ಆಗಬಾರದು.

ಬಿಕಾಂ ಓದೋರಿಗೆ ಇದು ಬರೀ ಕಂಪ್ಯೂಟರ್ ಸುದ್ದಿ ಅಲ್ರಿ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ಲೆಕ್ಕದ ದಾಖಲೆಗಳನ್ನ ವಾರ್ಷಿಕ ರಿಟರ್ನ್ ಸಲ್ಲಿಸೋ ಕೊನೇ ದಿನದಿಂದ 72 ತಿಂಗಳು ಇಟ್ಟಿರಬೇಕು. ಬಿಲ್ ಬರೋದೇ ಮೇಲ್‌ನಾಗ ಅಂದ್ರ, ಆ ಮೇಲ್ ಕೂಡ ಖಾತೆ ಪುಸ್ತಕದಷ್ಟೇ ಮುಖ್ಯ.

ಅದಕ್ಕ ಇವತ್ತ ಸಂಜೆ ಒಂದು ಕೆಲಸ ಮಾಡ್ರಿ. ಅಪ್ಪಂದೋ ಕಾಕಾಂದೋ ಅಂಗಡಿಯ ಮೇಲ್ ಪಾಪ್‌ನಾಗ ಐತೋ ಐಮ್ಯಾಪ್‌ನಾಗ ಐತೋ ಸೆಟ್ಟಿಂಗ್ಸ್‌ನಲ್ಲಿ ನೋಡ್ರಿ. ಐಮ್ಯಾಪ್ ಇದ್ದರೆ ಪ್ರತಿ ಸರ್ವರ್‌ನಲ್ಲೂ ಉಳೀತೈತಿ. ಪಾಪ್ ಇದ್ದರೆ, ಏನೂ ಮುಟ್ಟೋ ಮೊದಲು ಮೇಲ್ ಫೈಲನ್ನ ಬೇರೆ ಡಿಸ್ಕಿಗೆ ನಕಲು ಮಾಡ್ರಿ. ಆ ನಕಲನ್ನ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡ್ರಿ. ತೆರೆದರೆ ಮಾತ್ರ ಅದು ನಕಲು.

ಏನು ಸಿಕ್ತು ಅಂತ ಕಮೆಂಟ್‌ನಲ್ಲಿ ಬರೀರಿ. ಕಾಕಾ ಈಗ್ಲೂ ನನ್ನ ಕೈಯಾಗ ಲೆಕ್ಕ ಬರೆಸ್ತಾರ. ಹೊಸ ಕಂಪ್ಯೂಟರಿನ ಪಕ್ಕ ಒಂದು ಹಾರ್ಡ್ ಡಿಸ್ಕ್ ಇಟ್ಟೀನಿ, ಪ್ರತಿ ಶನಿವಾರ ನಕಲು ಮಾಡ್ತೀನಿ.

#ರಾಜೂರ #ಗಜೇಂದ್ರಗಡ #ಕನ್ನಡದಲ್ಲಿಇತಿಹಾಸ